ನನ್ನ ಜಿಯೋಕ್ಯಾಶ್ ಪಕ್ಕದಲ್ಲೇ ಯಾರೋ ಬೇರೆ ಡಬ್ಬಿ ಇಟ್ಟು ಹೋಗಿದ್ದಾರೆ. ಆ ಲಾಗ್‌ಗಳನ್ನು ಅಳಿಸಬೇಕಾ, ಬಿಡಬೇಕಾ?

ಉತ್ತರಮುಖಿ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಸ್ವಲ್ಪ ಉದ್ದ ಇದೆ, ಓದಿ ಹೇಳಿ. ಹೊಸಬರಿಗೆ ಒಂದು ಮಾತು: ಜಿಯೋಕ್ಯಾಶಿಂಗ್ ಅಂದರೆ ಒಬ್ಬರು (ಓನರ್) ಅಡಗಿಸಿಟ್ಟ ಡಬ್ಬಿಯನ್ನು (ಕ್ಯಾಶ್) ಬೇರೆಯವರು ಕೋಆರ್ಡಿನೇಟ್ (ಅಕ್ಷಾಂಶ-ರೇಖಾಂಶ) ಹಿಡಿದು ಹುಡುಕುವ ಆಟ. ಸಿಕ್ಕರೆ ಒಳಗಿನ ಚೀಟಿಗೆ ಸಹಿ ಹಾಕಿ, ಆ ಕ್ಯಾಶ್‌ನ ಪುಟದಲ್ಲಿ ಲಾಗ್ (ವರದಿ) ಬರೆಯುತ್ತಾರೆ.

ಹೊಳೆ ಪಕ್ಕದ ಕಾಲುದಾರಿಯಲ್ಲಿ ನನ್ನದೊಂದು ಟ್ರೆಡಿಷನಲ್ ಕ್ಯಾಶ್ (ಕೊಟ್ಟ ಕೋಆರ್ಡಿನೇಟ್‌ನಲ್ಲೇ ಇರುವಂಥದ್ದು) ಇದೆ. ಸ್ಮಾಲ್ ಸೈಜ್, ಡಿಫಿಕಲ್ಟಿ (ಹುಡುಕುವ ಕಷ್ಟ) 5ಕ್ಕೆ 3.5, ಟೆರೇನ್ (ದಾರಿಯ ಕಷ್ಟ) 5ಕ್ಕೆ 2. ನಾಲ್ಕು ಕಡೆ ಕ್ಲಿಪ್ ಬೀಳುವ ಪ್ಲಾಸ್ಟಿಕ್ ಡಬ್ಬಿಗೆ ಸುತ್ತಲೂ ತೊಗಟೆ ಅಂಟಿಸಿ, ಬಿದ್ದ ಮರದ ಪೊಟರೆಯಲ್ಲಿ ಇಟ್ಟಿದ್ದೇನೆ. ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ. ಕೈ ಒಳಗೆ ಹಾಕಿ ಮೇಲಕ್ಕೆ ತಡವಿದರೆ ಅಟ್ಟದ ತರಹ ಒಂದು ಜಾಗ ಸಿಗುತ್ತದೆ. ಡಬ್ಬಿ ಇರುವುದು ಅಲ್ಲಿ.

ಹೋದ ತಿಂಗಳು ಒಬ್ಬರು ಹುಡುಕಲು ಬಂದು, ಸಿಗದೆ, ಹೀಗೆ ಲಾಗ್ ಹಾಕಿದ್ದಾರೆ: "ಡಬ್ಬಿ ಕಳೆದುಹೋಗಿದೆ. ಓನರ್‌ಗೆ ತೊಂದರೆ ಬೇಡ ಅಂತ ಹೊಸದು ಇಟ್ಟಿದ್ದೇನೆ. ಟಿಎಫ್‌ಟಿಸಿ." (ಕ್ಯಾಶ್‌ಗೆ ಧನ್ಯವಾದ ಅಂತ.) ಹೊಸದು ಅಂದರೆ ಒಂದು ಹಳೇ ಫಿಲ್ಮ್ ರೋಲ್ ಡಬ್ಬಿ. ಬೇರಿನ ಪಕ್ಕ, ದಾರಿಯಿಂದಲೇ ಕಾಣುವ ಹಾಗೆ. ಹಾಕಿರುವ ಲಾಗ್ "ಫೌಂಡ್ ಇಟ್", ಅಂದರೆ ಸಿಕ್ಕಿತು ಅಂತ. ಆಮೇಲೆ ಬಂದವರೆಲ್ಲ ಆ ಫಿಲ್ಮ್ ಡಬ್ಬಿಯಲ್ಲೇ ಸಹಿ ಹಾಕಿ ಹೋಗಿದ್ದಾರೆ. "ಸುಲಭವಾಗಿ ಸಿಕ್ಕಿತು" ಅಂತ ಬರೆದಿದ್ದಾರೆ.

ನಿನ್ನೆ ಹೋಗಿ ನೋಡಿದೆ. ನನ್ನ ಡಬ್ಬಿ ಇಟ್ಟಲ್ಲೇ ಇದೆ, ಲಾಗ್‌ಬುಕ್ ಒಣಗಿಯೇ ಇದೆ. ಫಿಲ್ಮ್ ಡಬ್ಬಿಯೊಳಗಿನ ಚೀಟಿ ಮಾತ್ರ ನೀರು ಕುಡಿದು ಮುದ್ದೆಯಾಗಿದೆ. ಈಗ ಮೊದಲನೆಯವರ ಲಾಗ್ ಅಳಿಸಬೇಕಾ? ನಂತರ ಬಂದವರದು? ಜಗಳ ಆಗದ ಹಾಗೆ ಹೇಳುವುದು ಹೇಗೆ?

ಕಲ್ಲುಸಂದಿ:
ಅಳಿಸಿ. ಇದರಲ್ಲಿ ಯೋಚನೆ ಮಾಡುವುದೇನಿದೆ?

ದಾರಿಹೋಕ:
ಅಷ್ಟು ಅವಸರ ಬೇಡ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಡಬ್ಬಿ ಇಟ್ಟವರಿಗೆ ತಾವು ಕ್ಯಾಶ್ ಕಂಡುಹಿಡಿದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ತಾವೇ ಇಟ್ಟಿದ್ದನ್ನು ತಾವೇ "ಫೌಂಡ್" ಅಂದರೆ ಅದು ಫೈಂಡ್ ಅಲ್ಲ. ಮೂಲ ಡಬ್ಬಿ ಜಾಗದಲ್ಲೇ ಇದೆ ಅಂತ ಖಾತ್ರಿಯಾದ ಮೇಲಂತೂ ಅವರ ಫೈಂಡ್‌ಗೆ ಯಾವ ಆಧಾರವೂ ಇಲ್ಲ. ಆದರೆ ಆಮೇಲೆ ಬಂದವರ ತಪ್ಪೇನು? ಕೋಆರ್ಡಿನೇಟ್ ಹಿಡಿದು ಹೋದರು, ಡಬ್ಬಿ ಸಿಕ್ಕಿತು, ಒಳಗೆ ಚೀಟಿ ಇತ್ತು, ಸಹಿ ಹಾಕಿದರು. ಅವರ ಲಾಗ್ ಅಳಿಸಿದರೆ ಅನ್ಯಾಯ ಆಗುತ್ತದೆ.

ಕಲ್ಲುಸಂದಿ:
ಡಿಫಿಕಲ್ಟಿ 3.5 ಅಂತ ಪುಟದಲ್ಲಿದೆ. ಫಿಲ್ಮ್ ಡಬ್ಬಿ ದಾರಿಯಿಂದಲೇ ಕಾಣುತ್ತಿತ್ತು. ಸ್ಮಾಲ್ ಅಂದರೆ 100 ಎಂಎಲ್‌ನಿಂದ 1 ಲೀಟರ್. ಫಿಲ್ಮ್ ಡಬ್ಬಿ ಅದಕ್ಕಿಂತ ಚಿಕ್ಕದು, ಮೈಕ್ರೋ. ಸೈಜೂ ಹೊಂದುವುದಿಲ್ಲ, ಕಷ್ಟವೂ ಹೊಂದುವುದಿಲ್ಲ. ಪುಟ ಓದಿದವರಿಗೆ ಅನುಮಾನ ಬರಬೇಕಿತ್ತು ಅಲ್ವಾ?

ಮಳೆಬಿಲ್ಲು:
ಎಷ್ಟು ಜನ ಪುಟ ಪೂರ್ತಿ ಓದುತ್ತಾರೆ ಹೇಳಿ. ಆ್ಯಪ್‌ನಲ್ಲಿ ಬಾಣ ತೋರಿಸುತ್ತದೆ, ಬಾಣದ ಹಿಂದೆ ಹೋಗುತ್ತಾರೆ.

ಹೊಸಹೆಜ್ಜೆ:
ನಾನು ಈ ಹವ್ಯಾಸಕ್ಕೆ ಹೊಸಬಳು, ತಪ್ಪು ತಿಳಿಯಬೇಡಿ. ಡಬ್ಬಿ ಇಟ್ಟವರು ಸಹಾಯ ಮಾಡೋಣ ಅಂತಲೇ ಇಟ್ಟಿದ್ದಾರಲ್ಲ? ಅದರಲ್ಲಿ ಅಷ್ಟು ಕೋಪ ಬರುವಂಥದ್ದು ಏನಿದೆ? ಇನ್ನೊಂದು ಪ್ರಶ್ನೆ. ಹುಡುಕಿ ಸಿಗದಿದ್ದರೆ ಡಿಎನ್‌ಎಫ್ (ಸಿಗಲಿಲ್ಲ ಅನ್ನುವ ಲಾಗ್) ಹಾಕಲೇಬೇಕಾ? ಸುಮ್ನೆ ವಾಪಸ್ ಬಂದರೆ ಏನಾಗುತ್ತದೆ?

ಹಳೇದಿಕ್ಸೂಚಿ:
@ಹೊಸಹೆಜ್ಜೆ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಎರಡೂ ಒಂದೇ ಗಂಟು.

ಓನರ್ ಮನೆಯಲ್ಲಿ ಕೂತಿರುತ್ತಾರೆ. ಕಾಡಿನಲ್ಲಿ ಡಬ್ಬಿ ಹೇಗಿದೆ ಅಂತ ಅವರಿಗೆ ಗೊತ್ತಾಗುವುದು ಲಾಗ್‌ಗಳಿಂದ ಮಾತ್ರ. ಒಬ್ಬರು ಡಿಎನ್‌ಎಫ್ ಹಾಕಿದರೆ "ಸಿಕ್ಕಿಲ್ಲ, ಇರಲಿ" ಅನ್ನುತ್ತಾರೆ. ಬೆನ್ನುಬೆನ್ನಿಗೆ ಡಿಎನ್‌ಎಫ್ ಬಂದರೆ ಬೂಟು ಹಾಕಿಕೊಂಡು ಹೊರಡುತ್ತಾರೆ. ನೀವು ಸುಮ್ಮನೆ ವಾಪಸ್ ಬಂದರೆ ಆ ಸುದ್ದಿಯೇ ಅವರಿಗೆ ತಲುಪುವುದಿಲ್ಲ. ಮುಂದೆ ಬರುವವರೂ ಇಲ್ಲದ ಡಬ್ಬಿಯನ್ನು ಹುಡುಕಿ ಒದ್ದಾಡುತ್ತಾರೆ.

ಥ್ರೋಡೌನ್, ಅಂದರೆ ಸಿಗದಿದ್ದಾಗ ತಾವೇ ಬೇರೆ ಡಬ್ಬಿ ಇಟ್ಟು ಹೋಗುವುದು, ಇನ್ನೂ ಕೆಟ್ಟದ್ದು. ಸುದ್ದಿ ತಲುಪುವುದಿಲ್ಲ ಅನ್ನುವುದು ಒಂದು, ಸುಳ್ಳು ಸುದ್ದಿ ತಲುಪುತ್ತದೆ ಅನ್ನುವುದು ಇನ್ನೊಂದು. ಉತ್ತರಮುಖಿಯವರ ಪುಟದಲ್ಲಿ ಎಲ್ಲರೂ ಫೌಂಡ್ ಹಾಕಿದ್ದಾರೆ. ಎಲ್ಲ ಸರಿಯಾಗಿದೆ ಅಂತ ಅವರು ಅಂದುಕೊಳ್ಳಬೇಕಿತ್ತು. ನಿಜ ನೋಡಿದರೆ ಮೂಲ ಡಬ್ಬಿಯನ್ನು ಅಷ್ಟು ದಿನ ಯಾರೂ ಮುಟ್ಟಿಯೇ ಇಲ್ಲ!

ಡಿಎನ್‌ಎಫ್ ಬರೆಯುವುದಕ್ಕೂ ಒಂದು ಕ್ರಮ ಇದೆ. ಎಷ್ಟು ಹೊತ್ತು ಹುಡುಕಿದಿರಿ, ಎಲ್ಲೆಲ್ಲಿ ನೋಡಿದಿರಿ, ಫೋನ್ ಎಷ್ಟು ಮೀಟರ್ ನಿಖರತೆ ತೋರಿಸುತ್ತಿತ್ತು, ಜನ ಇದ್ದರಾ, ಕತ್ತಲಾಯಿತಾ. ಎರಡು ಸಾಲು ಸಾಕು. "ಜನ ಜಾಸ್ತಿ ಇದ್ದರು, ಐದೇ ನಿಮಿಷ ನೋಡಿದೆ" ಅಂತ ಇದ್ದರೆ ಓನರ್ ಓಡಿಬರಬೇಕಾಗಿಲ್ಲ. "ಪೊಟರೆ, ಬೇರು, ಕಲ್ಲಿನ ಕೆಳಗೆ ಎಲ್ಲ ನೋಡಿದೆ, ಅರ್ಧ ಗಂಟೆ" ಅಂತಿದ್ದರೆ ಬೇರೆ ಲೆಕ್ಕ.

ಹೊಸಹೆಜ್ಜೆ:
ಓಹ್, ಈಗ ಅರ್ಥವಾಯಿತು. ಡಿಎನ್‌ಎಫ್ ಅಂದರೆ ಸೋಲು ಒಪ್ಪಿಕೊಂಡ ಹಾಗೆ ಅಂದುಕೊಂಡಿದ್ದೆ.

ಮಳೆಬಿಲ್ಲು:
ಬಹಳ ಜನ ಹಾಗೇ ಅಂದುಕೊಳ್ಳುತ್ತಾರೆ. ಸಾವಿರಾರು ಫೈಂಡ್ ಇರುವವರ ಪುಟದಲ್ಲಿ ಡಿಎನ್‌ಎಫ್‌ಗಳೂ ನೂರಾರು ಇರುತ್ತವೆ. ಒಂದೂ ಇಲ್ಲ ಅಂದರೆ ಅವರು ಹಾಕುತ್ತಿಲ್ಲ ಅಂತಲೇ ಅರ್ಥ.

ಪೆನ್ಸಿಲ್‌ತುಂಡು:
ಉತ್ತರಮುಖಿ ಅವರೇ, ನೀವು ಇಲ್ಲಿ ಅಡಗಿಸಿದ ಜಾಗವನ್ನೇ ಹೇಳಿಬಿಟ್ಟಿರಲ್ಲ?

ಉತ್ತರಮುಖಿ:
ಕ್ಯಾಶ್ ಹೆಸರು ಹೇಳಿಲ್ಲ. ಒಂದೆರಡು ವಿವರವನ್ನೂ ಬದಲಿಸಿಯೇ ಬರೆದಿದ್ದೇನೆ. ಚಿಂತೆ ಬೇಡ.

ನಾಲ್ಕುದಾರಿ:
ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೈಯಬೇಡಿ. ಓನರ್ ಹವ್ಯಾಸ ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ. ಡಬ್ಬಿ ನಿಜವಾಗಿಯೂ ಕಳೆದುಹೋಗಿರುತ್ತದೆ. ಸಂದೇಶ ಕಳಿಸಿದರೆ ಉತ್ತರ ಇಲ್ಲ. ಜಾಗ ಮಾತ್ರ ಅದ್ಭುತವಾಗಿರುತ್ತದೆ. ಆಗ ಒಂದು ಹೊಸ ಡಬ್ಬಿ ಇಟ್ಟರೆ ಕ್ಯಾಶ್ ಬದುಕುತ್ತದೆ. ಇದನ್ನೂ ತಪ್ಪು ಅನ್ನುತ್ತೀರಾ?

ಹಳೇದಿಕ್ಸೂಚಿ:
ಹೌದು, ತಪ್ಪೇ. ನೋಡಿಕೊಳ್ಳುವವರು ಯಾರೂ ಇಲ್ಲದ ಡಬ್ಬಿ ನಾಳೆ ಒದ್ದೆಯಾದರೆ ಮತ್ತೆ ಅದೇ ಕಥೆ. ಅಂಥ ಕಡೆ "ಓನರ್ ಅಟೆನ್ಷನ್ ರಿಕ್ವೆಸ್ಟೆಡ್" (ಓನರ್ ಗಮನಿಸಲಿ ಅನ್ನುವ ಲಾಗ್) ಹಾಕಿ. ಓನರ್ ಕಡೆಯಿಂದ ಏನೂ ಆಗದಿದ್ದರೆ "ರಿವ್ಯೂವರ್ ಅಟೆನ್ಷನ್ ರಿಕ್ವೆಸ್ಟೆಡ್" ಹಾಕಿ. ರಿವ್ಯೂವರ್ (ಕ್ಯಾಶ್‌ಗಳನ್ನು ಪರಿಶೀಲಿಸುವವರು) ಸಮಯ ಕೊಟ್ಟು ನೋಡಿ ಆರ್ಕೈವ್ ಮಾಡುತ್ತಾರೆ, ಅಂದರೆ ಪಟ್ಟಿಯಿಂದ ತೆಗೆಯುತ್ತಾರೆ. ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನುವ ನಿಯಮ ಗೊತ್ತಲ್ಲ? ಸತ್ತ ಕ್ಯಾಶ್ ಆ ಜಾಗವನ್ನು ಹಿಡಿದು ಕೂತಿರುತ್ತದೆ. ಅದು ಹೋದರೆ, ನಿಜವಾಗಿ ನೋಡಿಕೊಳ್ಳುವವರು ಅಲ್ಲಿ ಹೊಸದು ಇಡಬಹುದು. ಅಷ್ಟು ಇಷ್ಟ ಇದ್ದರೆ ನೀವೇ ಇಡಿ.

ನಾಲ್ಕುದಾರಿ:
ಆದರೆ ತುಂಬಾ ಹಳೇ ಕ್ಯಾಶ್‌ಗಳ ವಿಷಯ ಬೇರೆ ಅಲ್ವಾ. ಅಮೆರಿಕದ ಕನ್ಸಾಸ್‌ನಲ್ಲಿರುವ ಮಿಂಗೊ ಅನ್ನುವ ಕ್ಯಾಶ್ 2000ದ ಮೇ ತಿಂಗಳಿನದು. ಅಂಥದ್ದು ಆರ್ಕೈವ್ ಆದರೆ ಹೊಟ್ಟೆ ಉರಿಯುತ್ತದೆ.

ಹಳೇದಿಕ್ಸೂಚಿ:
ಮಿಂಗೊ ವಿಷಯದಲ್ಲಿ ನನಗೂ ಹಾಗೇ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಪಾರ್ಕಿನ ಬೆಂಚಿನ ಕೆಳಗೆ ಅಂಟಿಸಿದ ನ್ಯಾನೋ (ತೀರಾ ಪುಟ್ಟ ಡಬ್ಬಿ) ಮಿಂಗೊ ಅಲ್ಲ.

ದಾರಿಹೋಕ:
ಹಳೇ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮೊಟ್ಟಮೊದಲ ಕ್ಯಾಶ್ ಇಟ್ಟಿದ್ದು ಡೇವ್ ಅಲ್ಮರ್, 2000ದ ಮೇ 3ರಂದು, ಒರೆಗಾನ್‌ನ ಬೀವರ್‌ಕ್ರೀಕ್ ಹತ್ತಿರ. ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಕೆಡಿಸುತ್ತಿದ್ದುದನ್ನು ನಿಲ್ಲಿಸಿದ ಕೂಡಲೇ. ಅದಕ್ಕೆ ಮುಂಚೆ ನಮ್ಮಂಥವರ ಕೈಯಲ್ಲಿದ್ದ ಜಿಪಿಎಸ್ 100 ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅಷ್ಟು ದೊಡ್ಡ ಸುತ್ತಿನಲ್ಲಿ ಯಾರು ಡಬ್ಬಿ ಹುಡುಕುತ್ತಾರೆ? ಅವರು ಇಟ್ಟಿದ್ದು ಒಂದು ಕಪ್ಪು ಬಕೆಟ್. ನಿಯಮವೂ ಒಂದೇ ಸಾಲು: ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಲಾಗ್‌ಬುಕ್‌ನಲ್ಲಿ ಬರೆಯಿರಿ.

ಕಲ್ಲುಸಂದಿ:
ಆ ಬಕೆಟ್ಟನ್ನು ಅರ್ಧ ನೆಲದೊಳಗೆ ಹೂತಿದ್ದರು. ಒಳಗೆ ಬೀನ್ಸ್ ತುಂಬಿದ ಟಿನ್ ಡಬ್ಬಿಯೂ ಇತ್ತು. ಈಗ ಎರಡೂ ನಡೆಯುವುದಿಲ್ಲ. ಜಾಗದ ಮಾಲೀಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ನೆಲ ಅಗೆಯುವ ಹಾಗಿಲ್ಲ. ತಿನ್ನುವ ವಸ್ತು ಇಡುವ ಹಾಗೇ ಇಲ್ಲ.

ಹೊಸಹೆಜ್ಜೆ:
ತಿನ್ನುವ ವಸ್ತು ಯಾಕೆ ಬೇಡ? ಚಾಕೊಲೇಟ್ ಇಟ್ಟರೆ ಮಕ್ಕಳಿಗೆ ಖುಷಿ ಆಗುತ್ತದಲ್ಲ?

ಕಲ್ಲುಸಂದಿ:
ವಾಸನೆಗೆ ಪ್ರಾಣಿಗಳು ಬರುತ್ತವೆ. ಕಚ್ಚಿ ಕ್ಲಿಪ್ ಮುರಿಯುತ್ತವೆ. ಆಮೇಲೆ ಮಳೆ ನೀರು ಒಳಗೆ. ಸುವಾಸನೆ ಇರುವ ಮೇಣದಬತ್ತಿ, ಸೋಪು ಕೂಡ ಬೇಡ.

ಪೆನ್ಸಿಲ್‌ತುಂಡು:
ಡಬ್ಬಿಯೊಳಗಿನ ವಸ್ತುಗಳ ಬಗ್ಗೆ ನಾನೂ ಒಂದು ಮಾತು ಹೇಳಲೇಬೇಕು. ತೆಗೆದುಕೊಂಡಷ್ಟೇ ಬೆಲೆಯದು ಅಥವಾ ಅದಕ್ಕಿಂತ ಒಳ್ಳೆಯದು ಇಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಡಬ್ಬಿ ತೆರೆದರೆ ಏನಿರುತ್ತದೆ? ಬಸ್ ಟಿಕೆಟ್, ಮುರಿದ ಕೀಚೈನ್, ತುಕ್ಕು ಹಿಡಿದ ಬೋಲ್ಟು. ನನ್ನ ಅಕ್ಕನ ಮಗನನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ "ಮಾಮಾ, ಒಳಗೆ ಏನಿರುತ್ತೆ?" ಅಂತ ಒಂದೇ ಸಮ ಕೇಳುತ್ತಿದ್ದ. ಕೊಡಲು ಅಂತ ತನ್ನ ಗೋಲಿಯೊಂದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ. ಡಬ್ಬಿಯಲ್ಲಿದ್ದಿದ್ದು ಒಂದು ಖಾಲಿ ಲೈಟರ್ ಮತ್ತು ಒದ್ದೆ ಕಾಗದ. ಆದರೂ ಗೋಲಿ ಇಟ್ಟೇ ಬಂದ. ದೊಡ್ಡವರು ಸ್ವಲ್ಪ ಯೋಚನೆ ಮಾಡಬೇಕು.

ಮಳೆಬಿಲ್ಲು:
ಪಾಪ ಮಗು. ಲೈಟರ್, ಬೆಂಕಿಪೊಟ್ಟಣ, ಚಾಕು, ಮದ್ಯ ಇಂಥವು ಕ್ಯಾಶ್‌ನಲ್ಲಿ ಇರಲೇಬಾರದು. ಕಂಡರೆ ತೆಗೆದು ಹೊರಗೆ ಒಯ್ದುಬಿಡಿ, ಲಾಗ್‌ನಲ್ಲಿ ಒಂದು ಸಾಲು ಬರೆಯಿರಿ. ಅದಕ್ಕೆ ಬದಲು ಏನೂ ಇಡಬೇಕಾಗಿಲ್ಲ.

ಗಾಳಿಪಟ:
ಟ್ರಾವೆಲ್ ಬಗ್ (ಕ್ಯಾಶ್‌ನಿಂದ ಕ್ಯಾಶ್‌ಗೆ ಸಾಗಿಸುವ ವಸ್ತು) ವಿಷಯವನ್ನೂ ಸೇರಿಸಿ! ಅದು ಬದಲಿಗೆ ತೆಗೆದುಕೊಳ್ಳುವ ಆಟಿಕೆ ಅಲ್ಲ. ಅದಕ್ಕೊಂದು ನಂಬರ್ ಇದೆ, ಒಬ್ಬ ಓನರ್ ಇದ್ದಾರೆ, ಹೋಗಬೇಕಾದ ಗುರಿ ಇದೆ. ನನ್ನದೊಂದು ಬಗ್ ಒಬ್ಬರ ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಕೂತಿದೆ. ಸಮುದ್ರ ತೀರದ ಕ್ಯಾಶ್‌ಗಳಿಗೆ ಹೋಗಬೇಕು ಅಂತ ಅದರ ಮೇಲೇ ಬರೆದಿದೆ. ಎರಡು ವಾರದೊಳಗೆ ಮುಂದೆ ಸಾಗಿಸಲು ಆಗುವುದಿಲ್ಲ ಅಂದರೆ ತೆಗೆದುಕೊಳ್ಳಲೇಬೇಡಿ. ನಂಬರ್ ಬರೆದುಕೊಂಡು "ಡಿಸ್ಕವರ್" (ನೋಡಿದೆ ಅನ್ನುವ ಲಾಗ್) ಹಾಕಿದರೆ ಸಾಕು. ನಂಬರ್ ಕಾಣುವ ಫೋಟೋವನ್ನಂತೂ ದಯವಿಟ್ಟು ಎಲ್ಲೂ ಹಾಕಬೇಡಿ. ಬಗ್ ನೋಡದವರೂ ಲಾಗ್ ಹಾಕುತ್ತಾರೆ.

ನಾಲ್ಕುದಾರಿ:
2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪರ್ಸಿವಿಯರೆನ್ಸ್ ರೋವರ್ ಮೇಲೂ ಒಂದು ಟ್ರ್ಯಾಕ್ ಮಾಡಬಹುದಾದ ಕೋಡ್ ಇದೆ. ಅದನ್ನು ಯಾರೂ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಉತ್ತರಮುಖಿ:
ಎಲ್ಲರ ಮಾತೂ ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆ ಎಲ್ಲೋ ಹೋಯಿತು 🙂 ಇನ್ನೊಂದು ಸಂಗತಿ ಗಮನಕ್ಕೆ ಬಂದಿದೆ. ಆಮೇಲೆ ಬಂದವರಲ್ಲಿ ಒಬ್ಬರು "ಪೆನ್ ಇರಲಿಲ್ಲ, ಫೋಟೋ ಹಾಕಿದ್ದೇನೆ" ಅಂತ ಬರೆದಿದ್ದಾರೆ. ಫೋಟೋದಲ್ಲಿರುವುದು ಫಿಲ್ಮ್ ಡಬ್ಬಿ. ಅವರದ್ದು ಏನು ಮಾಡಲಿ?

ಕಲ್ಲುಸಂದಿ:
ಸಹಿ ಇಲ್ಲ ಅಂದರೆ ಫೈಂಡ್ ಇಲ್ಲ. ನಿಯಮ ಇಷ್ಟೇ.

ಮಳೆಬಿಲ್ಲು:
ನಿಯಮ ಅಷ್ಟೇ, ಒಪ್ಪಿದೆ. ಆದರೆ ಓನರ್ ಇಷ್ಟಪಟ್ಟರೆ ಫೋಟೋ ಒಪ್ಪಿಕೊಳ್ಳಬಹುದು. ನಾನು ಒಪ್ಪುತ್ತೇನೆ. ಬೆಟ್ಟ ಹತ್ತಿ ಬಂದವರಿಗೆ ಪೆನ್ ಕೈಕೊಟ್ಟರೆ ವಾಪಸ್ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಕಲ್ಲುಸಂದಿ:
ಒಬ್ಬರಿಗೆ ಒಪ್ಪಿದರೆ ಆಮೇಲೆ ಎಲ್ಲರಿಗೂ ಒಪ್ಪಬೇಕಾಗುತ್ತದೆ. ಪೆನ್ ತರುವುದು ಅಷ್ಟು ಕಷ್ಟವಾ?

ಪೆನ್ಸಿಲ್‌ತುಂಡು:
ಪೆನ್ ಬೇಡ, ಪೆನ್ಸಿಲ್ ತನ್ನಿ. ತೇವ ಇರುವ ಕಾಗದದ ಮೇಲೆ ಬಾಲ್‌ಪೆನ್ ಮೂಡುವುದಿಲ್ಲ, ಜೆಲ್ ಪೆನ್ ಹರಡುತ್ತದೆ. ಪೆನ್ಸಿಲ್ ಮೂಡುತ್ತದೆ. ಚಳಿಯಲ್ಲೂ ಕೈಕೊಡುವುದಿಲ್ಲ. ನ್ಯಾನೋಗೆ ಹೋಗುವುದಾದರೆ ಜೊತೆಗೆ ಒಂದು ಚಿಮಟ ಇರಲಿ. ಆ ಚೀಟಿ ಕಿರುಬೆರಳಿನ ಉಗುರಿನಷ್ಟೇ ಅಗಲ ಇರುತ್ತದೆ. ಉಗುರಿನಿಂದ ಎಳೆದರೆ ಅಂಚು ಹರಿಯುತ್ತದೆ. ಬರೆದ ಮೇಲೆ ಮೊದಲಿಗಿಂತ ಬಿಗಿಯಾಗಿ ಸುತ್ತಿ ಒಳಗೆ ಹಾಕಿ. ಸಡಿಲ ಸುತ್ತಿ ಮುಚ್ಚಳ ಒತ್ತಿದರೆ ಕಾಗದ ತಿರುಪಿಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಪೂರ್ತಿ ಕೂರುವುದಿಲ್ಲ, ಅಲ್ಲಿಂದಲೇ ನೀರು ಇಳಿಯುತ್ತದೆ. ಹೆಸರು ಪೂರ್ತಿ ಬೇಡ, ಎರಡಕ್ಷರ ಸಾಕು. ಉಳಿದವರಿಗೂ ಜಾಗ ಬೇಕಲ್ಲ.

ಹೊಸಹೆಜ್ಜೆ:
ಚೀಟಿ ತುಂಬಿಹೋಗಿದ್ದರೆ ನಾವೇ ಹೊಸ ಚೀಟಿ ಹಾಕಬಹುದಾ? ಅದೂ ಥ್ರೋಡೌನ್ ಆಗಿಬಿಡುತ್ತದಾ?

ಪೆನ್ಸಿಲ್‌ತುಂಡು:
ಇಲ್ಲ, ಅದು ಒಳ್ಳೆಯ ಕೆಲಸ. ನಾನು ಯಾವಾಗಲೂ ಒಂದೆರಡು ಖಾಲಿ ಚೀಟಿ ಇಟ್ಟುಕೊಂಡಿರುತ್ತೇನೆ. ಅದೇ ಡಬ್ಬಿ, ಅದೇ ಜಾಗ, ಒಂದು ಚೀಟಿ ಜಾಸ್ತಿ, ಅಷ್ಟೇ. ಆದರೆ ಹಳೇ ಚೀಟಿಯನ್ನು ಎಸೆಯಬೇಡಿ, ತೆಗೆದುಕೊಂಡೂ ಹೋಗಬೇಡಿ. ಅದು ಓನರ್‌ದು. ಎರಡನ್ನೂ ಒಳಗೇ ಇಟ್ಟು ಲಾಗ್‌ನಲ್ಲಿ ತಿಳಿಸಿ.

ದಾರಿಹೋಕ:
ಡಬ್ಬಿ ತೆಗೆದ ಮೇಲೆ ಹೇಗಿತ್ತೋ ಹಾಗೇ ಇಡುವುದನ್ನೂ ಹೇಳಬೇಕು. "ಇನ್ನೂ ಚೆನ್ನಾಗಿ ಅಡಗಿಸಿದ್ದೇನೆ" ಅಂತ ಲಾಗ್ ಓದಿದರೆ ನನಗೆ ತಲೆ ಬಿಸಿಯಾಗುತ್ತದೆ. ಒಬ್ಬೊಬ್ಬರು ಒಂದೊಂದು ಗೇಣು ಆಚೆ ಸರಿಸಿದರೆ ಹಿಂಟ್‌ಗೂ ಡಬ್ಬಿಗೂ ಸಂಬಂಧವೇ ಇರುವುದಿಲ್ಲ. ಹೊರಗೆ ಬಿದ್ದಿತ್ತು ಅನ್ನಿಸಿದರೆ ಫೋಟೋ ತೆಗೆದು ಓನರ್‌ಗೆ ಕಳಿಸಿ ಕೇಳಿ.

ಉಗಿಬಂಡಿ:
ಪವರ್ ಟ್ರೇಲ್‌ಗಳಲ್ಲಿ ಇನ್ನೂ ವಿಚಿತ್ರ ನಡೆಯುತ್ತದೆ. ಸಾಲಾಗಿ ನೂರಾರು ಒಂದೇ ತರಹದ ಡಬ್ಬಿ. ಮೊದಲನೆಯದಕ್ಕೆ ತಮ್ಮ ಹತ್ತಿರ ಮೊದಲೇ ಸಹಿ ಹಾಕಿಟ್ಟ ಡಬ್ಬಿ ಇಡುತ್ತಾರೆ. ಅಲ್ಲಿದ್ದುದನ್ನು ಎತ್ತಿಕೊಂಡು, ಕಾರಿನಲ್ಲಿ ಹೋಗುತ್ತಾ ಸಹಿ ಹಾಕಿ, ಎರಡನೆಯ ಜಾಗದಲ್ಲಿ ಇಡುತ್ತಾರೆ. ಹೀಗೇ ಕೊನೆಯವರೆಗೂ. ಸಮಯ ಉಳಿಯುತ್ತದಂತೆ.

ಹಳೇದಿಕ್ಸೂಚಿ:
ಅಲ್ಲಿ ಓನರ್‌ಗಳೇ ಒಪ್ಪಿದ್ದಾರೆ ಅಂತ ವಾದ ಮಾಡುತ್ತಾರೆ. ಆದರೆ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದವರು ಎಲ್ಲ ಕಡೆಯೂ ಫಿಲ್ಮ್ ಡಬ್ಬಿ ಬಿಟ್ಟು ಹೋಗುತ್ತಾರೆ. ಉತ್ತರಮುಖಿಯವರಿಗೆ ಆಗಿದ್ದೂ ಅದೇ ಇರಬಹುದು.

ಗಾಳಿಪಟ:
ನನ್ನದು ಬೇರೆ ವಿಷಯ. ಮಗಲ್‌ಗಳು (ಈ ಆಟ ಗೊತ್ತಿಲ್ಲದವರು) ಪಕ್ಕದಲ್ಲೇ ಕೂತಿದ್ದರೆ ನೀವೆಲ್ಲ ಏನು ಮಾಡುತ್ತೀರಿ? ನಾನು ಫೋನ್‌ನಲ್ಲಿ ಮಾತಾಡುವ ಹಾಗೆ ನಟಿಸುತ್ತೇನೆ.

ಮಳೆಬಿಲ್ಲು:
ನಾನು ಶೂ ಲೇಸ್ ಕಟ್ಟುತ್ತೇನೆ. ಜನ ಜಾಸ್ತಿ ಇದ್ದರೆ ಬಿಟ್ಟು ಬರುತ್ತೇನೆ, ಇನ್ನೊಂದು ದಿನ ಹೋಗುತ್ತೇನೆ.

ಕಲ್ಲುಸಂದಿ:
ಪೊಲೀಸರು ಕೇಳಿದರೆ ಮಾತ್ರ ನಾಟಕ ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ, ಆ್ಯಪ್ ತೆಗೆದು ತೋರಿಸಿ. ಸೇತುವೆ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದಾಗ ನನ್ನನ್ನು ಇಬ್ಬರು ತಡೆದಿದ್ದರು. ಕೋಆರ್ಡಿನೇಟ್ ತೋರಿಸಿದೆ, ಲಾಗ್ ಓದಿಸಿದೆ. ಅವರಲ್ಲಿ ಒಬ್ಬರು ಟಾರ್ಚ್ ಇಸಿದುಕೊಂಡು ತಾವೇ ಹುಡುಕಿದರು.

ದಾರಿಹೋಕ:
ಇದು ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿಯಲ್ಲಿ ಒಂದು ಕ್ಯಾಶನ್ನು ಬಾಂಬ್ ಅಂದುಕೊಂಡು ಬೀದಿ ಮುಚ್ಚಿಸಿದ್ದರು. ಬಾಂಬ್ ದಳ ಬಂದು ಅದನ್ನು ಸ್ಫೋಟಿಸಿತು. ಡಬ್ಬಿಯ ಹೊರಗಡೆ "ಇದು ಜಿಯೋಕ್ಯಾಶ್" ಅಂತ ಕಾಣುವ ಹಾಗೆ ಬರೆಯಿರಿ. ಜಾಗದವರ ಒಪ್ಪಿಗೆ ತೆಗೆದುಕೊಳ್ಳಿ. ಶಾಲೆ, ರೈಲು ಹಳಿ, ಸರ್ಕಾರಿ ಕಟ್ಟಡದ ಹತ್ತಿರ ಇಡಲೇಬೇಡಿ. ಇಟ್ಟವರ ಬೇಜವಾಬ್ದಾರಿಗೆ ಹುಡುಕುವವರು ಉತ್ತರ ಕೊಡಬೇಕಾಗುತ್ತದೆ.

ಉತ್ತರಮುಖಿ:
ಸರಿ, ಎಲ್ಲ ಓದಿದೆ. ಇವತ್ತು ಮಾಡಿದ್ದನ್ನು ಹೇಳುತ್ತೇನೆ.

ಡಬ್ಬಿ ಇಟ್ಟವರಿಗೆ ಹೀಗೆ ಬರೆದೆ: "ನಮಸ್ಕಾರ. ನನ್ನ ಕ್ಯಾಶ್ ಬಗ್ಗೆ ಕಾಳಜಿ ತೋರಿಸಿದ್ದಕ್ಕೆ ಧನ್ಯವಾದ. ಹೋಗಿ ನೋಡಿದೆ, ಮೂಲ ಡಬ್ಬಿ ಜಾಗದಲ್ಲೇ ಇದೆ. ನೀವು ಇಟ್ಟದ್ದನ್ನು ತೆಗೆದಿದ್ದೇನೆ. ನಿಮ್ಮ ಲಾಗ್ ಡಿಎನ್‌ಎಫ್‌ಗೆ ಬದಲಿಸಿದರೆ ಒಳ್ಳೆಯದು. ಮತ್ತೆ ಬರುವುದಾದರೆ ಹೇಳಿ, ಸಿಗದಿದ್ದರೆ ಅಲ್ಲಿಂದಲೇ ಸಂದೇಶ ಕಳಿಸಿ, ದಾರಿ ತೋರಿಸುತ್ತೇನೆ." ಒಂದು ಗಂಟೆಯಲ್ಲಿ ಉತ್ತರ ಬಂತು. ಅವರೇ ಡಿಎನ್‌ಎಫ್ ಮಾಡಿದ್ದಾರೆ. ಬೇಸರ ಏನೂ ಇಲ್ಲ ಅಂದರು, ಮುಂದಿನ ವಾರ ಬರುತ್ತಾರಂತೆ.

ನಂತರ ಬಂದವರ ಲಾಗ್‌ಗಳನ್ನು ಮುಟ್ಟಿಲ್ಲ. ಫೋಟೋ ಹಾಕಿದವರದ್ದನ್ನೂ ಬಿಟ್ಟಿದ್ದೇನೆ. ಚೀಟಿಯೇ ಮುದ್ದೆಯಾಗಿದ್ದಾಗ ಯಾರ ಸಹಿ ಇತ್ತು, ಯಾರದು ಇರಲಿಲ್ಲ ಅಂತ ನಾನು ಹೇಗೆ ಹೇಳಲಿ? "ಓನರ್ ಮೇಂಟೆನೆನ್ಸ್" ಲಾಗ್‌ನಲ್ಲಿ ಮಾತ್ರ ಎಲ್ಲವನ್ನೂ ಬರೆದಿದ್ದೇನೆ: ಇಂತಿಷ್ಟು ದಿನ ಇಲ್ಲಿ ಬೇರೆ ಡಬ್ಬಿ ಇತ್ತು, ಈಗ ಇಲ್ಲ, ನಿಜವಾದದ್ದು ಸ್ಮಾಲ್ ಸೈಜಿನದು.

ಕಲ್ಲುಸಂದಿ:
ಮೊದಲ ಭಾಗ ಚೆನ್ನಾಗಿ ಮಾಡಿದಿರಿ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಅವರು ಯಾರೂ ನಿಮ್ಮ ಕ್ಯಾಶ್ ನೋಡಿಯೇ ಇಲ್ಲ.

ಉತ್ತರಮುಖಿ:
ಗೊತ್ತು. ಅವರೆಲ್ಲರಿಗೂ ಸಂದೇಶ ಕಳಿಸಿದ್ದೇನೆ: ಫೈಂಡ್ ಹಾಗೇ ಇರಲಿ, ಆದರೆ ನಿಜವಾದ ಡಬ್ಬಿ ಇನ್ನೂ ಅಲ್ಲೇ ಕಾಯುತ್ತಿದೆ, ಬಿಡುವಾದಾಗ ಬನ್ನಿ ಅಂತ. ಇಬ್ಬರು ಬರುತ್ತೇವೆ ಅಂದಿದ್ದಾರೆ. ಒಬ್ಬರು ತಾವಾಗಿಯೇ ಫೈಂಡ್ ತೆಗೆದುಬಿಟ್ಟರು.

ಕಲ್ಲುಸಂದಿ:
ಹಾಗಿದ್ದರೆ ಸರಿ.

ಹೊಸಹೆಜ್ಜೆ:
ಸಂದೇಶದ ಒಕ್ಕಣೆ ಇಟ್ಟುಕೊಂಡಿದ್ದೇನೆ. ನನ್ನದೊಂದು ಕ್ಯಾಶ್ ಇಡುವ ಆಸೆ ಇದೆ, ಬೇಕಾಗುತ್ತದೆ. ಮೈಕ್ರೋ ಇಡಲಾ, ಸ್ಮಾಲ್ ಇಡಲಾ?

ಪೆನ್ಸಿಲ್‌ತುಂಡು:
ಜಾಗ ಇದ್ದರೆ ಸ್ಮಾಲ್. ಒಳಗೆ ಮಕ್ಕಳಿಗೆ ಏನಾದರೂ ಇಡಿ. ಹಾಕುವ ಮುಂಚೆ ಡಬ್ಬಿಯೊಳಗೆ ಒಂದು ಒಣ ಕಾಗದ ಇಟ್ಟು, ಮುಚ್ಚಿ, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಮಾತ್ರ ಆ ಡಬ್ಬಿ ಬಳಸಿ.

ಹಳೇದಿಕ್ಸೂಚಿ:
ಕೋಆರ್ಡಿನೇಟನ್ನು ಒಂದೇ ಸಲ ತೆಗೆದುಕೊಳ್ಳಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ಸರಾಸರಿ ಹಿಡಿಯಿರಿ. ಮರದ ಕೆಳಗೆ, ದೊಡ್ಡ ಗೋಡೆಯ ಪಕ್ಕ ಸಿಗ್ನಲ್ ಅತ್ತಿತ್ತ ಹಾರುತ್ತದೆ. ಮತ್ತೆ, ನಡೆದೋ ಸೈಕಲ್ಲಿನಲ್ಲೋ ಸುಲಭವಾಗಿ ಹೋಗಿ ನೋಡಿಕೊಂಡು ಬರುವಷ್ಟು ಹತ್ತಿರದಲ್ಲೇ ಇಡಿ. ಪ್ರವಾಸ ಹೋದಲ್ಲೆಲ್ಲ ಇಟ್ಟು ಬಂದರೆ ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಹೊಸಹೆಜ್ಜೆ:
ಆಗಲಿ. ಬಕೆಟ್ ಪರೀಕ್ಷೆ ಇವತ್ತೇ ಮಾಡುತ್ತೇನೆ.